ಕೊರೆಯುವ ಚಳಿಯಲ್ಲಿ ಕ್ಯಾಮೆರಾ

ಫ್ರಿಜ್‌ನಿಂದ ಹೊರತೆಗೆದ ನೀರಿನ ಬಾಟಲಿಯ ಹೊರಮೈ ಕ್ಷಣದಲ್ಲೇ ಒದ್ದೆಯಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಒಳಗಿನ ನೀರು ಹೊರಕ್ಕೆ ಜಿನುಗಿತೆಂದು ಯಾರೂ ಭಾವಿಸುವುದಿಲ್ಲ. ಗಾಳಿಯಲ್ಲಿದ್ದ ನೀರಾವಿ ತಣ್ಣನೆಯ ಮೈಗೆ ತಾಗಿ ಹನಿಯಾಯಿತೆಂದು ಶಾಲೆಯ ಮಕ್ಕಳೂ ಹೇಳಬಲ್ಲರು. ಈಗ ಆ ಬಾಟಲಿಯ ಜಾಗದಲ್ಲಿ ಒಂದು ಕ್ಯಾಮೆರಾ ಇದೆಯೆಂದುಕೊಳ್ಳಿ. ಅದು ಬಂದಿರುವುದು ಫ್ರಿಜ್‌ನಿಂದಲ್ಲ, ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ಬಯಲಿನಿಂದ. ಆ ಕ್ಯಾಮೆರಾದ ಗತಿಯೇನು? ಕೆನಡಾದ ಹವ್ಯಾಸಿ ಛಾಯಾಗ್ರಾಹಕರು ಚಳಿಗಾಲದಲ್ಲಿ ಮನೆಗೆ ಮರಳುವಾಗಲೆಲ್ಲ ಎದುರಿಸುವ ಪ್ರಶ್ನೆ ಇದು.

ಮ್ಯಾನಿಟೋಬ ಪ್ರಾಂತದ ರಾಜಧಾನಿ ವಿನಿಪೆಗ್ ಅನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಖಂಡದ ನಡುವೆ, ಸಾಗರಗಳ ಹದವಾದ ಗಾಳಿಯಿಂದ ಬಲು ದೂರದಲ್ಲಿರುವ ಊರು ಇದು. ಜನವರಿಯ ಸರಾಸರಿ ಉಷ್ಣತೆ ಸುಮಾರು −16 ಡಿಗ್ರಿ. ಬೆಳಗಿನ ಹೊತ್ತು −25, −30 ಆಗುವುದು ಅಲ್ಲಿ ಸುದ್ದಿಯೇ ಅಲ್ಲ. ಅಸಿನಿಬೊಯಿನ್ ಮತ್ತು ರೆಡ್ ನದಿಗಳು ಸಂಗಮಿಸುವಲ್ಲಿ ಜನ ಹೆಪ್ಪುಗಟ್ಟಿದ ನೀರಿನ ಮೇಲೆ ಸ್ಕೇಟಿಂಗ್ ಮಾಡುತ್ತಾರೆ. ಊರಿನ ಅಕ್ಷಾಂಶ ಉತ್ತರ 50 ಡಿಗ್ರಿಯ ಸಮೀಪ. ಆದ್ದರಿಂದ ಡಿಸೆಂಬರ್ 21ರ ಸುಮಾರಿಗೆ ಸೂರ್ಯೋದಯ ಬೆಳಗ್ಗೆ 8.25ಕ್ಕೆ, ಸೂರ್ಯಾಸ್ತ ಸಂಜೆ 4.30ಕ್ಕೆ. ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ 17 ಡಿಗ್ರಿಗಿಂತ ಮೇಲೇರುವುದಿಲ್ಲ. ಅದೇ ದಿನ ಬೆಂಗಳೂರಿನಲ್ಲಿ ಈ ಎತ್ತರ 54 ಡಿಗ್ರಿಯಷ್ಟಿರುತ್ತದೆ. ಕತ್ತಲೆಯಲ್ಲೇ ಕೆಲಸಕ್ಕೆ ಹೊರಟು ಕತ್ತಲೆಯಲ್ಲೇ ಮರಳುವವರಿಗೆ ಚಿತ್ರ ತೆಗೆಯಲು ದೊರೆಯುವುದು ಊಟದ ವಿರಾಮ, ಇಲ್ಲವೆ ವಾರಾಂತ್ಯ. ಆದರೆ ನಮ್ಮಲ್ಲಿ ಮುಂಜಾನೆ ಸ್ವಲ್ಪ ಹೊತ್ತು ಮಾತ್ರ ಸಿಗುವ ಓರೆಬೆಳಕು, ಉದ್ದನೆಯ ನೆರಳು ಅಲ್ಲಿ ದಿನವಿಡೀ ಇರುತ್ತದೆ. ಅದಕ್ಕಾಗಿಯೇ ಅವರು ಚಳಿ ಸಹಿಸುವುದು.

ಹೆಚ್ಚಿನ ಕ್ಯಾಮೆರಾಗಳ ಕೈಪಿಡಿಯಲ್ಲಿ 0ಯಿಂದ 40 ಡಿಗ್ರಿ ಉಷ್ಣತೆಯಲ್ಲಿ ಬಳಸಿ ಎಂದು ಬರೆದಿರುತ್ತದೆ. −25ರಲ್ಲಿ ಮೊದಲು ಸೋಲುವುದು ಬ್ಯಾಟರಿ. ಮನೆಯಲ್ಲಿ ಪೂರ್ತಿ ತುಂಬಿದ್ದ ಲಿಥಿಯಂ ಅಯಾನು ಬ್ಯಾಟರಿ ಸ್ವಲ್ಪ ಹೊತ್ತಿನಲ್ಲೇ ಬರಿದಾದಂತೆ ತೋರುತ್ತದೆ. ಬರಿದಾಗಿರುವುದಿಲ್ಲ. ಒಳಗಿನ ವಿದ್ಯುದ್ವಿಭಾಜ್ಯ ಮಂದವಾಗಿ ಅಯಾನುಗಳ ಚಲನೆ ನಿಧಾನವಾಗುತ್ತದೆ. ಬ್ಯಾಟರಿಯ ಆಂತರಿಕ ರೋಧ ಹೆಚ್ಚಿ ವಿಭವಾಂತರ ಕುಸಿಯುತ್ತದೆ. ಕುಸಿದ ವಿಭವಾಂತರವನ್ನು ಕಂಡ ಕ್ಯಾಮೆರಾ, ಚಾರ್ಜ್ ಮುಗಿಯಿತೆಂದು ತಪ್ಪಾಗಿ ತಿಳಿದು ತಾನೇ ಆರಿಹೋಗುತ್ತದೆ. ಅದೇ ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಂಡರೆ ಮತ್ತೆ ಜೀವ ಬರುತ್ತದೆ. ಅನುಭವಿಗಳು ಎರಡು ಬ್ಯಾಟರಿಗಳನ್ನು ಹೀಗೆ ಸರದಿಯಲ್ಲಿ ಬಳಸುತ್ತಾರೆ. ಒಂದು ಎಚ್ಚರಿಕೆ: ಸೊನ್ನೆಗಿಂತ ತಣ್ಣಗಿರುವ ಲಿಥಿಯಂ ಅಯಾನು ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಅಯಾನುಗಳು ಗ್ರಾಫೈಟ್ ಪದರಗಳೊಳಗೆ ಸೇರುವ ಬದಲು ಅದರ ಮೇಲ್ಮೈಯಲ್ಲಿ ಲೋಹವಾಗಿ ಕುಳಿತುಬಿಡುತ್ತವೆ. ಈ ಹಾನಿ ಬೆಚ್ಚಗಾದ ಮೇಲೂ ಪೂರ್ತಿ ಸರಿಹೋಗುವುದಿಲ್ಲ.

ಹಿಂದೆ ಫಿಲ್ಮ್ ಬಳಸುತ್ತಿದ್ದವರ ಕಷ್ಟ ಬೇರೆಯದು. ಚಳಿಗೆ ಫಿಲ್ಮ್ ಬಿರುಸಾಗಿ ಮುರಿಯುತ್ತಿತ್ತು. ಒಣಗಾಳಿಯಲ್ಲಿ ಅವಸರದಿಂದ ಸುತ್ತಿದರೆ ಸ್ಥಾಯೀ ವಿದ್ಯುತ್ತಿನ ಕಿಡಿ ಹಾರಿ, ಚಿತ್ರದ ಮೇಲೆ ಪುಟ್ಟ ಮಿಂಚಿನಂಥ ಗೀರು ಮೂಡುತ್ತಿತ್ತು.

ಇನ್ನು ಹಿಮದ ಬಿಳುಪು. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 80ರಿಂದ 90ರಷ್ಟನ್ನು ಹಿಂದಿರುಗಿಸುತ್ತದೆ. ಕ್ಯಾಮೆರಾದ ಬೆಳಕುಮಾಪಕವಾದರೋ ಎದುರಿನ ದೃಶ್ಯ ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣದ್ದೆಂದು ನಂಬಿ ಲೆಕ್ಕ ಹಾಕುತ್ತದೆ. ಅದರ ಮಾತು ಕೇಳಿದರೆ ಹಿಮ ಬೂದಿಯಂತೆ ಕಾಣುತ್ತದೆ. ಬಿಳಿ ಬಿಳಿಯಾಗಿರಬೇಕಾದರೆ ಒಂದರಿಂದ ಎರಡು ಸ್ಟಾಪ್‌ಗಳಷ್ಟು, ಎಂದರೆ ಎರಡರಿಂದ ನಾಲ್ಕು ಪಟ್ಟು, ಹೆಚ್ಚು ಬೆಳಕು ಬಿಡಬೇಕು. ಬಿಳಿಯ ವಸ್ತುವಿಗೆ ಇನ್ನೂ ಬೆಳಕೇ ಎಂದು ಹೊಸಬರು ಹಿಂಜರಿಯುವುದು ಸಹಜ. ಹಿಮದ ಮೇಲಿನ ನೆರಳು ನೀಲಿಯಾಗಿ ಕಂಡರೆ ಅದು ಕ್ಯಾಮೆರಾದ ತಪ್ಪಲ್ಲ. ನೆರಳಿನ ಜಾಗಕ್ಕೆ ಸೂರ್ಯನ ಬೆಳಕು ನೇರವಾಗಿ ತಲಪುವುದಿಲ್ಲ, ನೀಲಿ ಆಕಾಶದ ಬೆಳಕು ತಲಪುತ್ತದೆ. ನಮ್ಮ ಮಿದುಳು ಆ ನೀಲಿಯನ್ನು ಬಹುಪಾಲು ಅಳಿಸಿ ತೋರಿಸುತ್ತದೆ, ಕ್ಯಾಮೆರಾ ಅಳಿಸುವುದಿಲ್ಲ.

ಅತಿ ಚಳಿಯ ಮುಂಜಾವಿನಲ್ಲಿ ಸೂರ್ಯನ ಎರಡೂ ಪಕ್ಕಗಳಲ್ಲಿ ಒಂದೊಂದು ಮರಿಸೂರ್ಯ ಹೊಳೆಯುವುದುಂಟು. ಅಲ್ಲಿಯ ಜನ ಇವನ್ನು ‘ಸೂರ್ಯನ ನಾಯಿಗಳು’ ಎನ್ನುತ್ತಾರೆ. ಗಾಳಿಯಲ್ಲಿ ಅಡ್ಡಡ್ಡಲಾಗಿ ತೇಲುವ ಷಡ್ಭುಜಾಕೃತಿಯ ಹಿಮದ ಬಿಲ್ಲೆಗಳು 60 ಡಿಗ್ರಿಯ ಅಶ್ರಗದಂತೆ ವರ್ತಿಸಿ ಬೆಳಕನ್ನು ಸುಮಾರು 22 ಡಿಗ್ರಿಯಷ್ಟು ಬಾಗಿಸುವುದೇ ಇದಕ್ಕೆ ಕಾರಣ. ಕೈಯನ್ನು ಪೂರ್ತಿ ಚಾಚಿ ಬೆರಳುಗಳನ್ನು ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಹೆಚ್ಚು ಕಡಿಮೆ ಇಷ್ಟೇ ಕೋನ. ಆದರೆ ಆ ಕೈಯಲ್ಲಿ ಕೈಗವಸು ಇರಲಿ! ಉಷ್ಣತೆ −25 ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು −39ರ ಚಳಿಗೆ ಸಮ. ಬಟ್ಟೆಯ ಮರೆಯಿಲ್ಲದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ವಿದ್ಯಾರ್ಥಿಗಳು ಇಲ್ಲಿ ಒಂದು ತಪ್ಪು ಮಾಡುವುದುಂಟು: ಕ್ಯಾಮೆರಾ ಕೂಡ −39ಕ್ಕೆ ಇಳಿಯುತ್ತದೆ ಎನ್ನುತ್ತಾರೆ. ಇಲ್ಲ, ಗಾಳಿಯು ಶಾಖವನ್ನು ಬೇಗ ಒಯ್ಯುತ್ತದೆ, ಅಷ್ಟೆ. ಒಣಗಿದ ನಿರ್ಜೀವ ವಸ್ತು ಸುತ್ತಣ ಗಾಳಿಯ ಉಷ್ಣತೆಗಿಂತ ಕೆಳಗಿಳಿಯುವಂತೆ ಮಾಡುವ ಶಕ್ತಿ ಅದಕ್ಕಿಲ್ಲ.

ಇಷ್ಟೆಲ್ಲ ಆದರೂ ಬಯಲಿನಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಕೆಡುವುದಿಲ್ಲ. ಅಪಾಯ ಕಾದಿರುವುದು ಮನೆಯ ಬಾಗಿಲಿನಲ್ಲಿ. 20 ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹೊಂದಿರಬಲ್ಲದು. −25ರಲ್ಲಿ ಅರ್ಧ ಗ್ರಾಂಗಿಂತ ತುಸು ಹೆಚ್ಚು, ಅಷ್ಟೆ. ಮನೆಯೊಳಗಿನ ಸಾಪೇಕ್ಷ ಆರ್ದ್ರತೆ ಶೇಕಡ 30 ಇದೆಯೆನ್ನಿ. ನಮ್ಮ ಲೆಕ್ಕದಲ್ಲಿ ಅದು ಒಣಗಾಳಿಯೇ. ಆದರೂ ಪ್ರತಿ ಘನಮೀಟರ್‌ನಲ್ಲಿ 5 ಗ್ರಾಂನಷ್ಟು ನೀರಾವಿ ಇರುತ್ತದೆ. ಅದರ ಇಬ್ಬನಿ ಬಿಂದು ಸುಮಾರು 2 ಡಿಗ್ರಿ. ಇದಕ್ಕಿಂತ ತಣ್ಣಗಿರುವ ಯಾವ ವಸ್ತು ಒಳಬಂದರೂ ಅದರ ಮೇಲೆ ನೀರು ಕೂರಲೇಬೇಕು. −25ರ ಕ್ಯಾಮೆರಾದ ಮೇಲೆ ಮೊದಲು ಹಿಮದ ಪುಡಿ ಮೂಡಿ, ಬಳಿಕ ಅದು ಕರಗಿ ನೀರಾಗುತ್ತದೆ. ಹೊರಮೈಯನ್ನೇನೋ ಒರೆಸಬಹುದು. ಆದರೆ ಗಾಳಿ ನುಸುಳುವಲ್ಲೆಲ್ಲ ನೀರಾವಿಯೂ ನುಸುಳಿ ಮಸೂರಗಳ ನಡುವೆ, ವಿದ್ಯುನ್ಮಂಡಲದ ಮೇಲೆ ಕುಳಿತರೆ ಅದನ್ನು ಒರೆಸುವವರು ಯಾರು?

ಪರಿಹಾರ ಎಷ್ಟು ಸರಳವೆಂದರೆ, ಕೇಳಿದವರು ನಂಬುವುದಿಲ್ಲ: ಒಂದು ಪ್ಲಾಸ್ಟಿಕ್ ಚೀಲ. ಹೊರಗೆ, ಚಳಿಯಲ್ಲಿಯೇ, ಕ್ಯಾಮೆರಾವನ್ನು ಚೀಲದಲ್ಲಿಟ್ಟು ಬಾಯಿಯನ್ನು ಗಾಳಿಯಾಡದಂತೆ ಮುಚ್ಚಬೇಕು. ಚೀಲದೊಳಗೆ ಸೇರುವುದು ಹೊರಗಿನ ಒಣಗಾಳಿ. ಮನೆಯೊಳಗೆ ನೀರು ಕೂರುವುದು ಚೀಲದ ಹೊರಮೈ ಮೇಲೆ. ಬಾಗಿಲು ದಾಟಿದ ಮೇಲೆ ಮುಚ್ಚಿದರೆ ಪ್ರಯೋಜನವಿಲ್ಲ. ಆಗ ಚೀಲದಲ್ಲಿ ಬಂಧಿಯಾಗುವುದು ಮನೆಯ ತೇವದ ಗಾಳಿ.

ಉಪಾಧ್ಯಾಯರು ಇದನ್ನು ತರಗತಿಯಲ್ಲಿಯೇ ತೋರಿಸಬಹುದು. ಎರಡು ಸ್ಟೀಲ್ ಲೋಟಗಳನ್ನು ಫ್ರೀಜರ್‌ನಲ್ಲಿ ಒಂದೆರಡು ಗಂಟೆ ಇಡಿ. ಒಂದನ್ನು ಫ್ರೀಜರ್‌ನೊಳಗೇ ಪಾಲಿಥೀನ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ, ಇನ್ನೊಂದನ್ನು ಹಾಗೆಯೇ ಹೊರತನ್ನಿ. ಬರಿಯ ಲೋಟದಿಂದ ನೀರು ಇಳಿಯುತ್ತಿರುವಾಗ ಚೀಲದೊಳಗಿನದು ಹೇಗಿದೆಯೆಂದು ಮಕ್ಕಳೇ ನೋಡಲಿ. ಮಳೆಗಾಲದಲ್ಲಿ ಮಾಡಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ.

ಕ್ಯಾಮೆರಾ ಕೋಣೆಯ ಉಷ್ಣತೆಗೆ ಬರಲು ಎರಡು ಮೂರು ಗಂಟೆ ಬೇಕಾಗಬಹುದು. ಭಾರದ ಮಸೂರವಿದ್ದರೆ ಇನ್ನೂ ಹೆಚ್ಚು. ಅಂದಿನ ಚಿತ್ರಗಳನ್ನು ನೋಡುವ ಆತುರಕ್ಕೆ ಚೀಲವನ್ನು ಬಿಚ್ಚಿ ಕೆಟ್ಟವರಿದ್ದಾರೆ. ತಿಳಿದವರು ಚೀಲ ಮುಚ್ಚುವ ಮೊದಲೇ ಮೆಮೊರಿ ಕಾರ್ಡನ್ನೂ ಬ್ಯಾಟರಿಯನ್ನೂ ಹೊರತೆಗೆದು ಜೇಬಿಗೆ ಸೇರಿಸಿರುತ್ತಾರೆ. ಚೀಲ ಬಾಗಿಲ ಬಳಿ ಬೆವರುತ್ತಿರಲಿ. ಅಷ್ಟರಲ್ಲಿ ಬಿಸಿ ಕಾಫಿ ಕುಡಿಯುತ್ತ ಚಿತ್ರಗಳನ್ನು ನೋಡಿ ಮುಗಿಸಬಹುದು. ರಾತ್ರಿ ಮಲಗುವ ಮೊದಲು ಚೀಲವನ್ನು ಅಂಗೈಯ ಹಿಂಬದಿಗೆ ತಾಗಿಸಿ ನೋಡುತ್ತಾರೆ. ತಣ್ಣಗೆನಿಸದಿದ್ದರೆ, ಹೊರಮೈಯ ನೀರನ್ನು ಒರೆಸಿ ಬಾಯಿ ಬಿಚ್ಚುತ್ತಾರೆ.