ಹೆತ್ತವರ ಕುಡಿತ, ಮಗುವಿನ ನೆಲೆ

ಮೊಮ್ಮಗನಿಗೆ ಹಸಿವಿಲ್ಲ, ನಿದ್ರೆಯಿಲ್ಲವೆಂದು ಅಜ್ಜಿಯೊಬ್ಬರು ಬನಶಂಕರಿಯ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ತಂದೆ ಕುಡಿದು ಮನೆಗೆ ಬರುವವರೆಗೂ ಬಾಲಕನು ಹೆದರಿ ಎಚ್ಚರವಾಗಿಯೇ ಇರುತ್ತಿದ್ದನು. ಅಂದು ನಾವು ಹೇಳಿದ್ದನ್ನೇ ಸದ್ಭಕ್ತರ ಮುಂದಿಡುತ್ತಿದ್ದೇವೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಮದಾತ್ಯಯವನ್ನು ಕುರಿತದ್ದು. ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ವಿರುದ್ಧವಾದುದರಿಂದ ಅದು ಮನಸ್ಸನ್ನು ಕೆಡಿಸುತ್ತದೆಂದು ಅಲ್ಲಿ ವಿವರಿಸಲಾಗಿದೆ. ಕುಡಿತವೂ ವ್ಯಾಧಿಯೇ; ಅದಕ್ಕೆ ಚಿಕಿತ್ಸೆಯುಂಟು. ಆದರೆ ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಸೆಳವು, ಸನ್ನಿ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮನೆಯ ಕಷಾಯವನ್ನು ನೆಚ್ಚಿ ಕೂರದೆ, ಹೊಸೂರು ರಸ್ತೆಯ ನಿಮ್ಹಾನ್ಸ್‌ನಂತಹ ಆಸ್ಪತ್ರೆಯ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಬೇಕು.

ಚಿಕಿತ್ಸೆ ತಡವಾದಷ್ಟೂ ಮಗುವಿಗೆ ಮನೆ ದೂರವಾಗುತ್ತದೆ. ಹೊಡೆತ, ಉಪವಾಸ, ನಿರ್ಲಕ್ಷ್ಯ ಕಂಡುಬಂದರೆ ನೆರೆಯವರೂ 1098ಕ್ಕೆ ಕರೆ ಮಾಡಬಹುದು. 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿಯು ವಿಚಾರಿಸಿ, ಅಗತ್ಯವೆನಿಸಿದರೆ ಮಗುವನ್ನು ಬಂಧುಗಳಿಗೋ, ಪೋಷಕ ಕುಟುಂಬಕ್ಕೋ, ಮಕ್ಕಳ ಪಾಲನಾ ಸಂಸ್ಥೆಗೋ ಒಪ್ಪಿಸುತ್ತದೆ. ಪೋಷಕ ಕುಟುಂಬದ ಆಶ್ರಯವು ದತ್ತು ಸ್ವೀಕಾರವಲ್ಲ. ಹೆತ್ತವರು ಚೇತರಿಸಿಕೊಂಡು, ಸಮಿತಿಗೆ ಭರವಸೆ ಮೂಡಿದರೆ ಮಗು ಮನೆಗೆ ಮರಳಬಹುದು. ಆ ದಾರಿಯನ್ನು ತೆರೆದಿಡುವುದು ಹೆತ್ತವರ ಚಿಕಿತ್ಸೆಯೇ.

“ಆಸ್ಪತ್ರೆಗೆ ಹೋದರೆ ಮನೆಯ ಮಾನ ಹೋದೀತಲ್ಲ, ಡಾಕ್ಟ್ರೇ?” ಎಂದು ಅಜ್ಜಿ ಅಳುಕಿದರು.

“ಮಾನಕ್ಕಿಂತ ಮೊಮ್ಮಗ ದೊಡ್ಡವನು, ತಾಯಿ” ಎಂದೆವು.

ಮರುವಾರ ಅವರೇ ಮಗನನ್ನು ಕರೆದುಕೊಂಡು ಹೋಗಿ ಆಸ್ಪತ್ರೆಯ ಸರದಿಯಲ್ಲಿ ನಿಂತರು. ಬಾಲಕನು ಇಂದಿಗೂ ತನ್ನ ಮನೆಯಲ್ಲಿಯೇ ಬೆಳೆಯುತ್ತಿದ್ದಾನೆ.