ಮರಳ ದಿಬ್ಬಕ್ಕೊಂದು ಗಾಡಿ

ಸ್ಯಾನ್ ಡಿಯಾಗೋದ ಮಗಳ ಮನೆಗೆ ಬಂದು ಎರಡು ದಿನವಾಗಿತ್ತು. ಹಗಲು ರಾತ್ರಿ ಅದಲುಬದಲಾಗಿ ನಸುಕಿನಲ್ಲೇ ಎಚ್ಚರವಾಯಿತು. ಹೊರಗೆ ಬಂದರೆ ಎದುರುಮನೆಯ ಗ್ಯಾರೇಜಿನ ಬಾಗಿಲು ತೆರೆದಿತ್ತು, ಒಳಗೆ ದೀಪ ಉರಿಯುತ್ತಿತ್ತು. ನಾಲ್ಕು ಸ್ಟ್ಯಾಂಡುಗಳ ಮೇಲೆ ಉಕ್ಕಿನ ಕೊಳವೆಗಳ ಒಂದು ಹಂದರ ಕೂತಿತ್ತು. ಚಕ್ರವಿಲ್ಲ, ಎಂಜಿನ್ನಿಲ್ಲ, ಸೀಟಿಲ್ಲ. ಪಕ್ಕದಲ್ಲಿ ಎಪ್ಪತ್ತು ದಾಟಿದವರೊಬ್ಬರು ಮಂಡಿಯೂರಿ, ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆಯುತ್ತಿದ್ದರು. ಎಡ ಮುಂದಿನಿಂದ ಬಲ ಹಿಂದಕ್ಕೆ ಒಮ್ಮೆ, ಬಲ ಮುಂದಿನಿಂದ ಎಡ ಹಿಂದಕ್ಕೆ ಇನ್ನೊಮ್ಮೆ.

ಆ ಅಳತೆ ನನಗೆ ಗೊತ್ತು. ಪಾಯ ತೆಗೆಯುವ ಮುಂಚೆ ನಮ್ಮೂರಿನ ಗಾರೆಯವರು ಗೂಟ ಹೊಡೆದು, ದಾರ ಎಳೆದು ನೋಡುವುದೂ ಹೀಗೆಯೇ. ಎರಡೂ ಕರ್ಣ ಸಮ ಬಂದರೆ ಮೂಲೆಮಟ್ಟ ಸರಿ. ರಸ್ತೆ ದಾಟಿ ಹೋಗಿ ಟೇಪಿನ ಇನ್ನೊಂದು ತುದಿ ಹಿಡಿದೆ. ಅಂದಿನಿಂದ ಆ ಚಳಿಗಾಲದ ಬೆಳಗುಗಳೆಲ್ಲ ನನಗೆ ಅಲ್ಲೇ ಕಳೆದವು.

ಯಜಮಾನರು ಕಟ್ಟುತ್ತಿದ್ದುದು ಡ್ಯೂನ್ ಬಗ್ಗಿ. ಮರಳ ದಿಬ್ಬ ಏರಿ ಇಳಿಯುವ, ಬಾಗಿಲಿಲ್ಲದ, ಚಾವಣಿಯಿಲ್ಲದ ಗಾಡಿ. ಅದರ ಕೈಕಾಲು, ಎದೆ, ಉಸಿರು ಎಲ್ಲ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನವು. ಬೀಟಲಿಗೆ ಎಂಜಿನ್ ಹಿಂದಿದೆ, ಎಳೆಯುವ ಚಕ್ರಗಳೂ ಹಿಂದಿವೆ. ಹೆಚ್ಚಿನ ಭಾರ ಆ ಚಕ್ರಗಳ ಮೇಲೇ ಬೀಳುವುದರಿಂದ ಟಯರು ಮರಳನ್ನು ಕಚ್ಚಿ ಹಿಡಿಯುತ್ತದೆ. ಗಾಳಿಯಿಂದಲೇ ತಣಿಯುವ ಎಂಜಿನ್ನಾದ್ದರಿಂದ ರೇಡಿಯೇಟರಿನ ಗೊಡವೆಯಿಲ್ಲ. ನೀರೇ ಸಿಗದ ಮರುಭೂಮಿಗೆ ಇದಕ್ಕಿಂತ ಒಗ್ಗುವ ಎಂಜಿನ್ ಯಾವುದು?

ಈ ಗುಣವನ್ನು ಚಂದದ ರೂಪಕ್ಕೆ ತಂದವರು ಬ್ರೂಸ್ ಮೇಯರ್ಸ್. ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚಿನಲ್ಲಿ ಫೈಬರ್‌ಗ್ಲಾಸ್ ದೋಣಿ ಕಟ್ಟುತ್ತಿದ್ದವರು. ದೋಣಿಯ ವಿದ್ಯೆಯನ್ನೇ ಗಾಡಿಗೆ ತಂದು 1964ರಲ್ಲಿ ಕೆಂಪು ಬಗ್ಗಿಯೊಂದನ್ನು ಕಟ್ಟಿದರು. ಮೇಯರ್ಸ್ ಮ್ಯಾಂಕ್ಸ್ ಎಂಬ ಹೆಸರು ಶುರುವಾದದ್ದು ಅಲ್ಲಿಂದ. ಮೊದಲ ಹತ್ತು ಹನ್ನೆರಡು ಗಾಡಿಗಳಿಗೆ ಬೇರೆ ಚಾಸಿಸ್ಸೇ ಇರಲಿಲ್ಲ, ಫೈಬರ್ ಮೈಯೇ ಎಲ್ಲವನ್ನೂ ಹೊರುತ್ತಿತ್ತು. ಅದು ದುಬಾರಿಯಾಯಿತು. ಆಮೇಲೆ ಬೀಟಲಿನ ತಳವನ್ನೇ ಹದಿನಾಲ್ಕೂಕಾಲು ಇಂಚು ಕತ್ತರಿಸಿ, ಮತ್ತೆ ಬೆಸೆದು, ಅದರ ಮೇಲೆ ಮೈ ಕೂರಿಸುವ ದಾರಿ ಹಿಡಿದರು. 1967ರಲ್ಲಿ ಮೇಯರ್ಸ್ ತಮ್ಮ ಗೆಳೆಯ ಟೆಡ್ ಮ್ಯಾಂಗಲ್ಸ್ ಜತೆ ಮೆಕ್ಸಿಕೋದ ಲಾ ಪಾಜ಼್‌ನಿಂದ ತಿಹುವಾನಾಗೆ, ಕಲ್ಲುಮುಳ್ಳಿನ ಹಾದಿಯಲ್ಲಿ, 34 ಗಂಟೆ 45 ನಿಮಿಷದಲ್ಲಿ ಬಂದು ಮುಟ್ಟಿದರು. ಅದಕ್ಕೆ ಮುಂಚೆ ಮೋಟಾರ್‌ಸೈಕಲ್ಲಿನವರ ಹೆಸರಲ್ಲಿದ್ದ ದಾಖಲೆ ಐದು ಗಂಟೆಗೂ ಹೆಚ್ಚು ಅಂತರದಿಂದ ಮುರಿಯಿತು. ಗಾಡಿ ಮನೆಮಾತಾಯಿತು, ಜತೆಗೇ ನಕಲುಗಳೂ ಹುಟ್ಟಿದವು. ಮೇಯರ್ಸ್ ಕಟ್ಟಿ ಮಾರಿದ್ದು ಕೆಲವು ಸಾವಿರ, ಜಗತ್ತಿನಲ್ಲಿ ಹುಟ್ಟಿದ ನಕಲು ಲಕ್ಷ ಮೀರಿದವು. ನಕಲಿನ ವಿರುದ್ಧ ಹೂಡಿದ ದಾವೆ ಸೋತಿತು, 1971ರಲ್ಲಿ ಕಂಪನಿ ಮುಚ್ಚಿತು. ಇದನ್ನು ಕೇಳಿದಾಗ ನನಗೆ ನಿಜವಾಗಿ ಸಂಕಟವಾಯಿತು. ದುಡ್ಡು ಮಾಡಿಕೊಂಡವರು ಬೇರೆಯವರು. ಆದರೂ 2021ರಲ್ಲಿ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಬಗ್ಗಿ ಕಟ್ಟುವವರೆಲ್ಲ ನೆನೆದದ್ದು ಅವರೊಬ್ಬರನ್ನೇ.

ಯಜಮಾನರ ಗ್ಯಾರೇಜಿನ ಮೂಲೆಯಲ್ಲಿ ಒಂದು ಹಳೆಯ ಬೀಟಲ್ ತಳ ಗೋಡೆಗೆ ಒರಗಿತ್ತು. ನಡುವೆ ಬೆನ್ನುಮೂಳೆಯಂತೆ ಉದ್ದದ ಸುರಂಗ, ಎರಡೂ ಬದಿಗೆ ತಗಡಿನ ರೆಕ್ಕೆ. ಗೇರಿನ ಸರಳು, ಕ್ಲಚ್ ಕೇಬಲ್, ಪೆಟ್ರೋಲಿನ ಕೊಳವೆ ಎಲ್ಲ ಆ ಸುರಂಗದೊಳಗೇ ಓಡುತ್ತವೆ. ಹಿಂದಿನ ಸೀಟಿನಡಿ ಬ್ಯಾಟರಿ ಕೂರುವ ಜಾಗ ಪೂರ್ತಿ ತುಕ್ಕು ತಿಂದಿತ್ತು. ಯಜಮಾನರು ಹೆಬ್ಬೆರಳಿಂದ ಒತ್ತಿದರು. ಹಪ್ಪಳದಂತೆ ಮುರಿಯಿತು. "ಇದರ ಮೇಲೆ ಮೊಮ್ಮಗಳನ್ನು ಹೇಗೆ ಕೂರಿಸಲಿ ಹೇಳಿ?" ಅಂದರು. ಅದಕ್ಕೇ ಹೊಸ ಚಾಸಿಸ್. ಬೀಟಲಿನ ಮುಂದಿನ ಆಕ್ಸಲ್, ಹಿಂದಿನ ಗೇರ್‌ಬಾಕ್ಸ್, ಎಂಜಿನ್ ಹಾಗೇ ಕೂರುವಂತೆ ಬೇರೆಯವರು ಕೊಳವೆ ಬೆಸೆದು ಮಾರುವ ಚೌಕಟ್ಟು ಅದು. ಮೂಲ ತಳವಿಲ್ಲದಿದ್ದರೆ ಅದು ಬಗ್ಗಿಯೇ ಅಲ್ಲ ಎಂದು ಪಟ್ಟು ಹಿಡಿಯುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಯಜಮಾನರ ಕಡೆ. ಗಾಡಿ ಉರುಳಿದಾಗ ತಲೆ ಕಾಯುವುದು ಕೊಳವೆಯ ಪಂಜರ, ಹಳೆಯ ತಗಡಲ್ಲ.

ಹೊಸದು ಎಂದಮಾತ್ರಕ್ಕೆ ಎಲ್ಲ ಸಲೀಸಾಗಲಿಲ್ಲ. ಮುಂದಿನ ಆಕ್ಸಲ್ ಕೂರುವುದು ನಾಲ್ಕು ಬೋಲ್ಟಿನ ಮೇಲೆ. ಮೂರು ಇಳಿದವು, ನಾಲ್ಕನೆಯದು ಇಳಿಯಲಿಲ್ಲ. ತೂತು ಒಂದು ಪೆನ್ಸಿಲ್ ಮೊನೆಯಷ್ಟು ಪಕ್ಕಕ್ಕಿತ್ತು. ಮಾರಿದವರಿಗೆ ಫೋನು ಮಾಡಿದರೆ, ತೂತನ್ನು ಕೊಂಚ ಉಜ್ಜಿ ಅಗಲ ಮಾಡಿಕೊಳ್ಳಿ ಎಂದರು. ಯಜಮಾನರು ಒಪ್ಪಲಿಲ್ಲ. ಅಗಲವಾದ ತೂತಿನಲ್ಲಿ ಬೋಲ್ಟು ಅಲ್ಲಾಡುತ್ತದೆ, ಅಲ್ಲಾಡಿದ್ದು ಒಂದು ದಿನ ತುಂಡಾಗುತ್ತದೆ. ಆ ಪಟ್ಟಿಯನ್ನೇ ಕೊಯ್ದು ತೆಗೆದು, ಹೊಸ ಪಟ್ಟಿ ಇಟ್ಟು, ಆಕ್ಸಲನ್ನೇ ಅಚ್ಚಾಗಿ ಹಿಡಿದು ತೂತು ಗುರುತು ಮಾಡಿ, ಮತ್ತೆ ಬೆಸೆದರು. ಮೂರು ದಿನ ಹಿಡಿಯಿತು.

ಗಾಡಿಯ ಬೆನ್ನು ಎಷ್ಟೆತ್ತರ ನಿಲ್ಲಬೇಕು ಎಂದು ಗೊತ್ತು ಮಾಡಿದ ದಿನವನ್ನು ನಾನು ಮರೆಯಲಾರೆ. ಬೀಟಲಿಗೆ ಹಿಂದೆ ಸುರುಳಿ ಸ್ಪ್ರಿಂಗಿಲ್ಲ. ಹೆಬ್ಬೆರಳು ದಪ್ಪದ ಉಕ್ಕಿನ ಸರಳೊಂದು ಅಡ್ಡಕ್ಕೆ ಮಲಗಿ, ಹೊರೆ ಬಿದ್ದಾಗ ತಿರುಚಿಕೊಂಡು, ಹೊರೆ ಇಳಿದಾಗ ಮತ್ತೆ ನೆಟ್ಟಗಾಗುತ್ತದೆ. ಉಕ್ಕಿನ ಮೈ ಹೋಗಿ ಗಾಡಿ ಹಗುರಾದ್ದರಿಂದ ಹಳೆಯ ಲೆಕ್ಕದಲ್ಲೇ ಬಿಟ್ಟರೆ ಹಿಂಭಾಗ ಎದ್ದು, ಮೂತಿ ಕೆಳಗಾಗಿ, ನೀರಿಗೆ ಬಗ್ಗಿದ ಎತ್ತಿನಂತೆ ನಿಲ್ಲುತ್ತದೆ. ಇಳಿಸಬೇಕು, ಆದರೆ ಎಷ್ಟು? ಸರಳಿನ ಒಳತುದಿಗೆ 40 ಹಲ್ಲು, ಹೊರತುದಿಗೆ 44. ಒಳಗೆ ಒಂದು ಹಲ್ಲು ತಿರುಗಿಸಿದರೆ ಒಂಬತ್ತು ಡಿಗ್ರಿ. ಹೊರಗೆ ಒಂದು ಹಲ್ಲು ಹಿಂದಕ್ಕೆ ತಂದರೆ ಎಂಟು ಡಿಗ್ರಿ ಚಿಲ್ಲರೆ. ಎರಡರ ನಡುವೆ ಉಳಿಯುವುದು ಒಂದು ಡಿಗ್ರಿಗೂ ಕಡಿಮೆ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವರ್ನಿಯರ್ ಕ್ಯಾಲಿಪರ್ ಕಲಿಸಿದವನು ನಾನು. ಅದೇ ಲೆಕ್ಕ ಒಂದು ಕಾರಿನ ಹೊಟ್ಟೆಯೊಳಗೆ, ಗ್ರೀಸು ಮೆತ್ತಿಕೊಂಡು ಕೂತಿದ್ದನ್ನು ಕಂಡು ಮೈ ಜುಮ್ಮೆಂದಿತು. ಯಜಮಾನರಿಗೂ ಹೇಳಿದೆ. ಅವರು ಸರಳನ್ನು ಒರೆಸಿ ನನ್ನ ಕೈಗಿತ್ತು, "ನೀವೇ ಕೂರಿಸಿ" ಎಂದರು.

ಹಿಂದಿನ ಚಕ್ರದ ನಟ್ಟು ಇನ್ನೊಂದು ಸೋಜಿಗ. 36 ಮಿಲಿಮೀಟರಿನದು, 217 ಅಡಿ-ಪೌಂಡ್ ಬಿಗಿ ಕೇಳುತ್ತದೆ. ನಾಲ್ಕಡಿ ಕೊಳವೆ ಸಿಕ್ಕಿಸಿ ಇಬ್ಬರೂ ಒರಗಿ ತಿರುಗಿಸಿದೆವು. ನಟ್ಟಿನ ಸೀಳು ಆಕ್ಸಲಿನ ತೂತಿಗೆ ಸರಿಯಾಗಿ ಬರದಿದ್ದರೆ ಇನ್ನಷ್ಟು ಬಿಗಿ ಮಾಡಬೇಕು, ಸಡಿಲಿಸುವಂತಿಲ್ಲ. ಕೊನೆಗೆ ಆ ತೂತಿನಲ್ಲಿ ಸಣ್ಣದೊಂದು ಪಿನ್ನು ತೂರಿಸಿ ಕಾಲು ಮಡಚುವುದು. ನಮ್ಮಪ್ಪ ಬಡಗಿ, ಎತ್ತಿನ ಗಾಡಿ ಕಟ್ಟುತ್ತಿದ್ದರು. ಗಾಡಿಯನ್ನು ಒಡೆಯನಿಗೆ ಒಪ್ಪಿಸುವ ಮುಂಚೆ ಅಚ್ಚಿನ ತುದಿಯ ಕಡಾಣಿಯನ್ನು ಎರಡು ಸಲ ಮುಟ್ಟಿ ನೋಡುತ್ತಿದ್ದರು. ಇಲ್ಲಿ ಯಜಮಾನರೂ ಎರಡು ಸಲ ಮುಟ್ಟಿದರು.

ಎಂಜಿನ್ ಕೂರಿಸಿದ್ದು ಒಂದೇ ಬೆಳಿಗ್ಗೆ. ಅದನ್ನು ಗೇರ್‌ಬಾಕ್ಸಿಗೆ ಹಿಡಿದಿಡುವುದು ನಾಲ್ಕೇ ಬೋಲ್ಟು. ಕೀ ತಿರುಗಿಸಿದರು, ಎರಡು ಸಲ ಕೆಮ್ಮಿತು, ಮೂರನೆಯದಕ್ಕೆ ಹಿಡಿಯಿತು. ಹೊಲಿಗೆ ಯಂತ್ರ ಓಡಿದಂತೆ ಒಂದೇ ಲಯದ ಸದ್ದು. ಬೀದಿಯ ಮಕ್ಕಳೆಲ್ಲ ಗ್ಯಾರೇಜಿನ ಬಾಗಿಲಿಗೆ ಬಂದು ನಿಂತರು.

ಜನವರಿಯ ಒಂದು ಶನಿವಾರ ಬಗ್ಗಿಯನ್ನು ಟ್ರೇಲರಿಗೆ ಏರಿಸಿ ಗ್ಲಾಮಿಸ್ಸಿನ ಮರಳ ದಿಬ್ಬಗಳಿಗೆ ಹೊರಟೆವು. ಬೆಟ್ಟ ದಾಟಿ, ಇಂಪೀರಿಯಲ್ ಕಣಿವೆಯ ಹಸಿರು ಹೊಲ ದಾಟಿದ ಮೇಲೆ ಇದ್ದಕ್ಕಿದ್ದಂತೆ ಮರಳು. ನಲವತ್ತು ಮೈಲಿಗೂ ಉದ್ದ, ಕೆಲವು ಕಡೆ ಮುನ್ನೂರಡಿ ಎತ್ತರ. ಹೆದ್ದಾರಿ 78ಕ್ಕೆ ತಾಗಿ ಉತ್ತರಕ್ಕಿರುವ ದಿಬ್ಬಗಳಿಗೆ ಯಾವ ಮೋಟಾರು ವಾಹನವೂ ಹೋಗುವಂತಿಲ್ಲ. ಅದು ಗಿಡಕ್ಕೂ ಹಲ್ಲಿಗೂ ಬಿಟ್ಟ ಜಾಗ. ಒಳ್ಳೆಯ ಕೆಲಸ, ಹಾಗೇ ಇರಲಿ. ನಾವು ಹೋದದ್ದು ದಕ್ಷಿಣಕ್ಕೆ. ಯಜಮಾನರು ಟಯರಿನ ಗಾಳಿ ಇಳಿಸಿದರು. ಎಂಟಡಿಯ ಕೋಲಿಗೆ ಬಾವುಟ ಕಟ್ಟಿದರು. ದಿಬ್ಬದ ಆಚೆ ಬರುತ್ತಿರುವವನಿಗೆ ಈಚೆಯವರು ಕಾಣುವುದಿಲ್ಲ, ಬಾವುಟ ಮಾತ್ರ ಕಾಣುತ್ತದೆ. ಅದಿಲ್ಲದೆ ಮರಳಿಗಿಳಿಯುವ ಹಾಗೇ ಇಲ್ಲ.

ಮೊದಲ ಸುತ್ತು ಯಜಮಾನರ ಮೊಮ್ಮಗಳದು, ಎರಡನೆಯದು ನನ್ನದು. ಪಟ್ಟಿ ಬಿಗಿದು ಕೂತೆ. ದಿಬ್ಬದ ಬುಡದಲ್ಲಿ ಗಾಡಿ ಒಂದು ಕ್ಷಣ ಹೂತಂತಾಗಿ, ಹಿಂದಿನ ಚಕ್ರ ಕಚ್ಚಿಕೊಂಡು, ಮೂತಿ ಆಕಾಶಕ್ಕೆ ಎದ್ದಿತು. ನೆತ್ತಿಯಲ್ಲಿ ನಿಂತಾಗ ಕೆಳಗೆ ನಮ್ಮದೇ ಎರಡು ಗೆರೆ, ಗಾಳಿ ಆಗಲೇ ಅವನ್ನು ತುಂಬುತ್ತಿತ್ತು. ಸಂಜೆ ಬಗ್ಗಿಯ ಅಡಿಗೆ ಮಲಗಿ ಬೆಸುಗೆಗಳಿಗೆಲ್ಲ ಟಾರ್ಚು ಬಿಟ್ಟು ನೋಡಿದೆವು. ನಾಲ್ಕನೆಯ ಬೋಲ್ಟು ಕೂದಲೆಳೆಯಷ್ಟೂ ಕದಲಿರಲಿಲ್ಲ.

ಚಳಿಗಾಲದಲ್ಲಿ ಮಕ್ಕಳ ಮನೆಗೆಂದು ಆ ಕಡೆ ಹೋಗುವವರು ಹೆದ್ದಾರಿ 78ರ ಪಕ್ಕದ ಓಸ್ಬೋರ್ನ್ ದಿಬ್ಬದ ಮೇಲೆ ಒಂದು ಸಂಜೆ ನಿಂತು ನೋಡಿ. ಕುಡಿಯಲು ನೀರು ಜತೆಗಿರಲಿ. ನಿಲ್ಲಿಸಿದ ಬಗ್ಗಿ ಕಂಡರೆ ಒಡೆಯರನ್ನು ಕೇಳಿ, ಬಗ್ಗಿ ಚಾಸಿಸ್ ನೋಡಿ. ಕೇಳಿದರೆ ತೋರಿಸದವರು ಅಲ್ಲಿ ನನಗೆ ಒಬ್ಬರೂ ಸಿಗಲಿಲ್ಲ.