ಲೂಸಿ: ರೋಮಿನಿಂದ ಮಂಗಳೂರು ದಾರಿಯಾಗಿ ಮನಾಮಕ್ಕೆ ಬಂದ ಬೆಳಕು

ಮನಾಮ: ಬಹರೈನ್‌ನಲ್ಲಿರುವ ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಲೂಸಿ ಎಂಬ ಹೆಸರು ಹೊಸದಲ್ಲ. ಊರಲ್ಲಿರುವ ಅಜ್ಜಿಯ ಹೆಸರು ಲೂಸಿ ಆಗಿದ್ದರೆ, ಇಲ್ಲಿ ಹುಟ್ಟಿದ ಮೊಮ್ಮಗಳಿಗೆ ಲೂಸಿಯಾ ಅಂತ ಇಡುವುದುಂಟು. ಆದರೆ ಹೆಸರಿನ ಅರ್ಥ ಏನು ಅಂತ ಕೇಳಿದರೆ 'ಸಂತರ ಹೆಸರು' ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ಲ್ಯಾಟಿನ್ ಭಾಷೆಯಲ್ಲಿ 'ಲುಕ್ಸ್' ಅಂದರೆ ಬೆಳಕು. ಅದರಿಂದ ಹುಟ್ಟಿದ ಗಂಡು ಹೆಸರು ಲೂಸಿಯಸ್, ಹೆಣ್ಣು ಹೆಸರು ಲೂಸಿಯಾ. ಪ್ರಾಚೀನ ರೋಮಿನಲ್ಲಿ ಲೂಸಿಯಸ್ ಬಹಳ ಸಾಮಾನ್ಯ ಹೆಸರಾಗಿತ್ತು. ಬೆಳಗಿನ ಜಾವ ಹುಟ್ಟಿದ ಮಗುವಿಗೆ ಈ ಹೆಸರು ಇಡುತ್ತಿದ್ದರು ಎಂಬ ಮಾತಿದೆ. ನಮ್ಮ ಜ್ಯೋತಿ, ಪ್ರಭಾ, ಇಲ್ಲಿನ ಅರಬರ ನೂರ್, ಇವೆಲ್ಲ ಅರ್ಥದಲ್ಲಿ ಲೂಸಿಯ ಅಕ್ಕ ತಂಗಿಯರೇ.

ಹೆಸರು ಜಗತ್ತಿಗೆಲ್ಲ ಹಬ್ಬಿದ್ದು ಸಿಸಿಲಿ ದ್ವೀಪದ ಸಿರಾಕ್ಯೂಸ್ ಪಟ್ಟಣದ ಸಂತ ಲೂಸಿಯಾರಿಂದ. ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಕಾಲದಲ್ಲಿ, 304ರ ಸುಮಾರಿಗೆ ಅವರು ಹುತಾತ್ಮರಾದರು ಎಂದು ಪರಂಪರೆ ಹೇಳುತ್ತದೆ. ಕಣ್ಣಿನ ತೊಂದರೆ ಇರುವವರು ಅವರನ್ನು ಪ್ರಾರ್ಥಿಸುತ್ತಾರೆ. ಚಿತ್ರಗಳಲ್ಲಿ ಅವರ ಕೈಯ ತಟ್ಟೆಯಲ್ಲಿ ಎರಡು ಕಣ್ಣುಗಳಿರುವುದು ಅದಕ್ಕೇ. ಡಿಸೆಂಬರ್ 13 ಅವರ ಹಬ್ಬ. ಆ ದಿನ ಸ್ವೀಡನ್‌ನಲ್ಲಿ ಹುಡುಗಿಯರು ಬಿಳಿ ಉಡುಪು ತೊಟ್ಟು, ತಲೆಯ ಮೇಲೆ ದೀಪದ ಕಿರೀಟ ಇಟ್ಟು ಹಾಡುತ್ತಾ ಬರುತ್ತಾರೆ. ಕೆರಿಬಿಯನ್‌ನ ಸೇಂಟ್ ಲೂಸಿಯಾ ದೇಶಕ್ಕೂ ಇವರದೇ ಹೆಸರು.

ನಮ್ಮ ಕರಾವಳಿಗೆ ಇಂಥ ಹೆಸರುಗಳು ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಮಂಗಳೂರಿನ ರೊಸಾರಿಯೊ ಚರ್ಚ್ ಸ್ಥಾಪನೆಯಾದದ್ದು 1568ರಲ್ಲಿ. ಪೋರ್ಚುಗೀಸರ ಬಾಯಲ್ಲಿ ಈ ಹೆಸರು ಲುಜಿಯಾ. ಮುಂದೆ ಇಂಗ್ಲಿಷ್ ಶಾಲೆಗಳ ಕಾಲದಲ್ಲಿ ಲೂಸಿ ಎಂಬ ರೂಪ ಗಟ್ಟಿಯಾಯಿತು. ಕೊಲ್ಲಿಗೆ ಕೆಲಸಕ್ಕೆ ಬಂದವರ ಜೊತೆ ಅದು ಮನಾಮಕ್ಕೂ ಬಂತು. 1939ರಲ್ಲಿ ಕಟ್ಟಿದ ಇಲ್ಲಿನ ಸೇಕ್ರೆಡ್ ಹಾರ್ಟ್ ಚರ್ಚ್ ಕೊಲ್ಲಿ ನಾಡಿನ ಮೊದಲ ಕ್ಯಾಥೊಲಿಕ್ ಚರ್ಚ್.

ಇಷ್ಟು ದೂರ ಬಂದ ಹೆಸರಿಗೆ ರೂಪಗಳು ಹೆಚ್ಚು. ತಾಪತ್ರಯ ಶುರುವಾಗುವುದೂ ಅಲ್ಲೇ. ಜ್ಞಾನಸ್ನಾನದ ಪತ್ರದಲ್ಲಿ ಲೂಸಿಯಾ, ಶಾಲೆಯಲ್ಲಿ ಲೂಸಿ, ಪಾಸ್‌ಪೋರ್ಟ್‌ನಲ್ಲಿ ಮತ್ತೊಂದು ಸ್ಪೆಲ್ಲಿಂಗ್ ಇದ್ದರೆ ಕಚೇರಿಯವರಿಗೆ ಅದು ಬೇರೆ ಬೇರೆ ಹೆಸರೇ. ಅರಬ್ಬಿಯಲ್ಲೂ ವ್ಯತ್ಯಾಸವಿದೆ. ಲೂಸಿ ಎಂದರೆ ಲಾಮ್, ವಾವ್, ಸೀನ್, ಯಾ ಎಂಬ ನಾಲ್ಕು ಅಕ್ಷರ. ಲೂಸಿಯಾ ಎಂದರೆ ಕೊನೆಗೆ ಒಂದು ಅಲಿಫ್ ಜಾಸ್ತಿ.

ಇಲ್ಲಿ ಹುಟ್ಟಿದ ಭಾರತೀಯರ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಹೆಸರಿನ ರೂಪವನ್ನು ಅದಕ್ಕೆ ಮೊದಲೇ, ಆಸ್ಪತ್ರೆಯ ಫಾರಂ ತುಂಬುವಾಗಲೇ ನಿರ್ಧರಿಸಿಬಿಡುವುದು ಒಳ್ಳೆಯದು. ಜನನ ಪತ್ರ, ಪಾಸ್‌ಪೋರ್ಟ್, ಸಿಪಿಆರ್, ಚರ್ಚ್ ದಾಖಲೆ, ಎಲ್ಲದರಲ್ಲೂ ಅದೇ ಅಕ್ಷರ ಇರಲಿ. ಮನೆಯಲ್ಲಿ ಅಜ್ಜಿ ಮೊಮ್ಮಗಳನ್ನು ಹೇಗೆ ಕರೆದರೂ ಅಡ್ಡಿಯಿಲ್ಲ, ಅರ್ಥ ಒಂದೇ: ಬೆಳಕು.